ಆರ್‌ಎನ್‌ಎ ಕಿಣ್ವದಂತೆ ಕೆಲಸ ಮಾಡುತ್ತದೆ ಅಂತಾರಲ್ಲ, ಒಳಗೆ ಪ್ರೋಟೀನ್ ಅಡಗಿಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?

ಪ್ರಶ್ನೆ: ನಾನು ತೊಂಬತ್ತರ ದಶಕದ ಶುರುವಿನಲ್ಲಿ ಆಗಿನ ಬಿಜಾಪುರದಲ್ಲಿ ಬಿ.ಎಸ್ಸಿ. ಓದಿದವಳು. ಈಗ ಮುಧೋಳದಲ್ಲಿದ್ದೇನೆ. ತಂಗಿಯ ಮಗಳು ದ್ವಿತೀಯ ಪಿಯುಸಿ. ಸಂಜೆ ಹೊತ್ತು ಅವಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಕಿಣ್ವ ಎಂದರೆ ಪ್ರೋಟೀನ್, ಎರಡನೇ ಮಾತೇ ಇಲ್ಲ ಎಂದು ನಮಗೆ ಕಲಿಸಿದ್ದರು. ಅವಳ ಪುಸ್ತಕದಲ್ಲಿ ಬ್ಯಾಕ್ಟೀರಿಯಾದ 23ಎಸ್ ರೈಬೋಸೋಮಲ್ ಆರ್‌ಎನ್‌ಎ ಕಿಣ್ವವಾಗಿ ಕೆಲಸ ಮಾಡುತ್ತದೆ ಎಂದು ಒಂದೇ ಸಾಲು ಇದೆ, ವಿವರಣೆ ಇಲ್ಲ. ಆರ್‌ಎನ್‌ಎಗೆ ಚೂರುಪಾರು ಪ್ರೋಟೀನ್ ಅಂಟಿಕೊಂಡಿದ್ದು ಅದೇ ಕೆಲಸ ಮಾಡುತ್ತಿರಬಹುದಲ್ವಾ? ಇದರಿಂದ ನಮಗೇನು ಉಪಯೋಗ? ಪರೀಕ್ಷೆಯಲ್ಲಿ ಅವಳು ಏನು ಬರೆಯಬೇಕು?

ಉತ್ತರ: ಪುಸ್ತಕದ ಸಾಲು ಸರಿ ಇದೆ. ನಿಮಗೆ ಕಲಿಸಿದವರದ್ದೂ ದೊಡ್ಡ ತಪ್ಪೇನಲ್ಲ, ಅವರ ಕೈಯಲ್ಲಿದ್ದ ಪುಸ್ತಕ ಹಳೆಯದಿತ್ತು ಅಷ್ಟೇ. ಕಿಣ್ವ ಅಂದರೆ ಜೀವಿಗಳೊಳಗಿನ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ವಸ್ತು. ಆರ್‌ಎನ್‌ಎ ಕಿಣ್ವಗಳಿಗೆ ರೈಬೋಜೈಮ್ ಎನ್ನುತ್ತಾರೆ. ಅವನ್ನು ಕಂಡುಹಿಡಿದವರಿಗೆ 1989ರಲ್ಲೇ ನೊಬೆಲ್ ಬಂದಿತ್ತು. ಆದರೆ ಅಮೆರಿಕದ ಲ್ಯಾಬಿನ ಸುದ್ದಿ ನಮ್ಮ ಕಡೆಯ ಡಿಗ್ರಿ ಪುಸ್ತಕಕ್ಕೆ ಇಳಿಯೋದಕ್ಕೆ ಆಗ ಹತ್ತು ವರ್ಷವಾದರೂ ಹಿಡಿಯುತ್ತಿತ್ತು. ಬೆಳಗಾವಿಯಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡುವ ನನಗೆ ನಿಮ್ಮ ಎರಡನೇ ಪ್ರಶ್ನೆ ತುಂಬಾ ಹಿಡಿಸಿತು. ಚೂರುಪಾರು ಪ್ರೋಟೀನ್ ಅಂಟಿಕೊಂಡಿರಬಹುದಲ್ವಾ ಎಂದು ಕೇಳಿದಿರಲ್ಲ, ಆ ಕಾಲದ ವಿಜ್ಞಾನಿಗಳು ತಮ್ಮನ್ನು ತಾವೇ ಕೇಳಿಕೊಂಡಿದ್ದೂ ಇದನ್ನೇ. ಉಳಿದದ್ದಕ್ಕಿಂತ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಿಣ್ವ ಎಂದರೆ ಪ್ರೋಟೀನ್ ಎನ್ನುವುದೂ ಸುಮ್ನೆ ಒಪ್ಪಿಕೊಂಡ ಮಾತಲ್ಲ. 1926ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೇಮ್ಸ್ ಸಮ್ನರ್ ಒಂದು ಜಾತಿಯ ಅವರೆ ಬೀಜದಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳಿನ ರೂಪದಲ್ಲಿ ಬೇರೆ ಮಾಡಿದರು. ಪರೀಕ್ಷಿಸಿದರೆ ಹರಳು ಪೂರಾ ಪ್ರೋಟೀನ್. ಆಗ ಜರ್ಮನಿಯ ದೊಡ್ಡ ರಸಾಯನ ವಿಜ್ಞಾನಿ ವಿಲ್‌ಸ್ಟೆಟರ್ ಮತ್ತು ಅವರ ಕಡೆಯವರು ನಂಬಲಿಲ್ಲ. ಪ್ರೋಟೀನ್ ಬರೀ ಹೊತ್ತು ತರುವ ಗಾಡಿ, ನಿಜವಾದ ಕಿಣ್ವ ಅದರೊಳಗೆ ಎಲ್ಲೋ ಕಣ್ಣಿಗೆ ಬೀಳದಷ್ಟು ಅಡಗಿದೆ ಎಂದು ವಾದಿಸಿದರು. ನೋಡಿದ್ರಾ, ನಿಮ್ಮ ಪ್ರಶ್ನೆಯೇ, ಆದರೆ ತಲೆಕೆಳಗಾಗಿ. ಸಮ್ನರ್ ಅವರಿಗೆ ನೊಬೆಲ್ ಬಂದಿದ್ದು 1946ರಲ್ಲಿ, ಇಪ್ಪತ್ತು ವರ್ಷ ಕಾದ ಮೇಲೆ. ಅಷ್ಟು ಜಗಳ ಆಡಿ ಗೆದ್ದ ಮಾತು ಆಮೇಲೆ ಎಲ್ಲರ ತಲೆಯಲ್ಲೂ ಗಟ್ಟಿಯಾಗಿ ಕೂತುಬಿಟ್ಟಿತು.

ಈಗ ಕೊಲರಾಡೋಗೆ ಬರೋಣ. ಅಲ್ಲಿನ ಬೋಲ್ಡರ್ ಊರಿನ ವಿಶ್ವವಿದ್ಯಾಲಯದಲ್ಲಿ ಥಾಮಸ್ ಚೆಕ್ ಎಂಬ ಯುವ ಅಧ್ಯಾಪಕರು ಟೆಟ್ರಾಹೈಮಿನಾ ಎಂಬ ಜೀವಿಯ ಮೇಲೆ ಕೆಲಸ ಮಾಡುತ್ತಿದ್ದರು. ಇದು ಕೆರೆ, ಹೊಂಡದ ನೀರಿನಲ್ಲಿ ಇರುವ ಒಂದೇ ಕೋಶದ ಜೀವಿ. ಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ಆರ್‌ಎನ್‌ಎ ತಯಾರಿಸುವ ಜೀನ್ ಇದರ ದೊಡ್ಡ ಕೋಶಕೇಂದ್ರದಲ್ಲಿ ಸುಮಾರು ಹತ್ತು ಸಾವಿರ ಪ್ರತಿಗಳಷ್ಟಿರುತ್ತದೆ. ಅಂದಮೇಲೆ ಆ ಆರ್‌ಎನ್‌ಎ ಬೇಕಾದಷ್ಟು ಸಿಗುತ್ತದೆ. ಆ ಜೀನಿನ ನಡುವೆ 413 ಅಕ್ಷರಗಳ (ಅಂದರೆ ಸರಪಳಿಯ 413 ಕೊಂಡಿಗಳ) ಒಂದು ಬೇಡದ ತುಂಡು, ಅಂದರೆ ಇಂಟ್ರಾನ್ ಇದೆ. ಆರ್‌ಎನ್‌ಎ ತಯಾರಾದ ಮೇಲೆ ಈ ತುಂಡನ್ನು ಕತ್ತರಿಸಿ ಬಿಸಾಕಿ, ಎರಡೂ ತುದಿ ಜೋಡಿಸಬೇಕು. ಈ ಕತ್ತರಿಸುವ ಕಿಣ್ವ ಯಾವುದು ಎಂದು ಹುಡುಕುವುದು ಚೆಕ್ ಅವರ ಉದ್ದೇಶ. ಪ್ರೋಟೀನೇ ಇರಬೇಕು ಎನ್ನುವುದರಲ್ಲಿ ಅವರಿಗೂ ಸಂಶಯ ಇರಲಿಲ್ಲ.

ಪ್ರಯೋಗ ಸರಳ. ಒಂದು ಟ್ಯೂಬಿನಲ್ಲಿ ಆರ್‌ಎನ್‌ಎ ಜೊತೆಗೆ ಕೋಶಕೇಂದ್ರದ ರಸ ಹಾಕಬೇಕು. ಇನ್ನೊಂದರಲ್ಲಿ ರಸ ಹಾಕದೆ ಬರೀ ಆರ್‌ಎನ್‌ಎ ಇಡಬೇಕು. ಎರಡನೆಯದು ಹೋಲಿಕೆಗೆ ಇಟ್ಟ ಟ್ಯೂಬು, ಅದರಲ್ಲಿ ಏನೂ ಆಗಬಾರದು. ಆದರೆ ಎರಡರಲ್ಲೂ ಇಂಟ್ರಾನ್ ಕತ್ತರಿಸಿ ಹೊರಬಂದಿತ್ತು! ಹೋಲಿಕೆಯ ಟ್ಯೂಬು ತಯಾರಿಸುವಾಗ ತಮ್ಮ ಸಹಾಯಕ ಆರ್ಥರ್ ಜಾಗ್ ಏನೋ ಎಡವಟ್ಟು ಮಾಡಿರಬೇಕು ಎಂದೇ ಚೆಕ್ ಮೊದಲು ಅಂದುಕೊಂಡರು. ಜಾಗ್ ಮತ್ತೆ ಮಾಡಿದರು. ಮತ್ತೆ ಅದೇ ಫಲಿತಾಂಶ.

ಹಾಗಾದರೆ ಆರ್‌ಎನ್‌ಎಗೆ ಪ್ರೋಟೀನ್ ಗಟ್ಟಿಯಾಗಿ ಅಂಟಿಕೊಂಡಿದೆ ಎಂದಾಯಿತಲ್ವಾ? ಅವರೂ ಹಾಗೇ ಯೋಚಿಸಿದರು. ಪ್ರೋಟೀನನ್ನು ಹಾಳುಮಾಡಲು ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದರು. ಕುದಿಸಿದರು. ಡಿಟರ್ಜೆಂಟ್ ಹಾಕಿದರು. ಪ್ರೋಟೀನನ್ನು ತಿಂದುಹಾಕುವ ಕಿಣ್ವಗಳನ್ನು ಬಿಟ್ಟರು. ಫೀನಾಲಿನಲ್ಲಿ ತೊಳೆದರು. ಇಂಟ್ರಾನ್ ಮಾತ್ರ ಜಗ್ಗಲಿಲ್ಲ, ಕತ್ತರಿಸಿಕೊಳ್ಳುತ್ತಲೇ ಇತ್ತು.

ಇಲ್ಲಿ ಒಂದು ನಿಮಿಷ ನಿಂತು ನೋಡಿ. ಒಲೆ ಮೇಲೆ ಕುದಿಸಿದ ಎಂಜಲಿನಿಂದ ಹಿಟ್ಟಿನ ಪಿಷ್ಟ ಕರಗೋದಿಲ್ಲ. ನಿಮ್ಮ ತಂಗಿಯ ಮಗಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಜೋಳದ ಹಿಟ್ಟಿನ ತಿಳಿ ಗಂಜಿ ಮಾಡಿ, ಎರಡು ಲೋಟದಲ್ಲಿ ಹಾಕಿ ಆರಿಸಿ. ಒಂದಕ್ಕೆ ಹಸಿ ಎಂಜಲು, ಇನ್ನೊಂದಕ್ಕೆ ಕುದಿಸಿ ಆರಿಸಿದ ಎಂಜಲು ಹಾಕಿ. ಸ್ವಲ್ಪ ಹೊತ್ತಿನ ಮೇಲೆ ಎರಡಕ್ಕೂ ಟಿಂಕ್ಚರ್ ಅಯೋಡಿನ್ ಒಂದೊಂದು ಹನಿ ಬಿಡಿ. ಕುದಿಸಿದ ಎಂಜಲು ಹಾಕಿದ್ದು ಕಡು ನೀಲಿಯಾಗುತ್ತದೆ, ಇನ್ನೊಂದರಲ್ಲಿ ಬಣ್ಣ ಅಷ್ಟು ಏರೋದಿಲ್ಲ. ಎಂಜಲಿನ ಅಮೈಲೇಸ್ ಪ್ರೋಟೀನ್. ಒಮ್ಮೆ ಕುದಿಸಿದರೆ ಅದರ ಆಕಾರ ಕೆಡುತ್ತದೆ, ಸಾಮಾನ್ಯವಾಗಿ ಮತ್ತೆ ಸರಿಹೋಗುವುದಿಲ್ಲ. ಆರ್‌ಎನ್‌ಎ ಹಾಗಲ್ಲ. ಬಿಸಿಗೆ ಬಿಚ್ಚಿಕೊಂಡರೂ ತಣ್ಣಗಾದಾಗ ಬಹಳಷ್ಟು ಸಲ ಮತ್ತೆ ಮಡಚಿಕೊಂಡು ಮೊದಲಿನ ಆಕಾರಕ್ಕೆ ಬರುತ್ತದೆ. ಲೋಟ ಚೆನ್ನಾಗಿ ತೊಳೆಯಿರಿ, ಅಯೋಡಿನ್ ಬಾಯಿಗೆ ಹೋಗಬಾರದು.

ಇಷ್ಟಾದರೂ ಚೆಕ್ ಅವರಿಗೆ ಸಮಾಧಾನ ಇಲ್ಲ. ಯಾವುದೋ ಮೊಂಡ ಪ್ರೋಟೀನ್ ಈ ಎಲ್ಲವನ್ನೂ ತಡೆದುಕೊಂಡು ಕೂತಿರಬಹುದು ಎಂದು ಯಾರಾದರೂ ಹೇಳಿದರೆ ಉತ್ತರವೇನು? ನಮ್ಮ ಕಡೆ ಜೋಳ ತುಂಬಿಡುತ್ತಿದ್ದ ಹಗೇವು ಗೊತ್ತಲ್ಲ. ಹಳೆಯ ಹಗೇವಿನಲ್ಲಿ ಇಲಿ ಇಲ್ಲ ಎಂದು ಎಷ್ಟು ಹೊಗೆ ಹಾಕಿ ತೋರಿಸಿದರೂ, ಯಾವುದೋ ಬಿಲದಲ್ಲಿ ಇದ್ದೀತು ಅನ್ನುವವರು ಇದ್ದೇ ಇರುತ್ತಾರೆ. ಅದಕ್ಕೆ ಒಂದೇ ದಾರಿ, ಇಲಿಯೇ ಕಾಲಿಡದ ಜಾಗದಲ್ಲಿ ಹೊಸ ಹಗೇವು ತೋಡಬೇಕು. ಚೆಕ್ ಗುಂಪು ಮಾಡಿದ್ದೂ ಇದನ್ನೇ. ಟೆಟ್ರಾಹೈಮಿನಾದ ಆ ಜೀನಿನ ತುಂಡನ್ನು ಈ. ಕೋಲಿ ಬ್ಯಾಕ್ಟೀರಿಯಾದಲ್ಲಿ ಇಟ್ಟು ಬೆಳೆಸಿದರು. ಅಲ್ಲಿಂದ ಡಿಎನ್‌ಎ ತೆಗೆದು ಶುದ್ಧ ಮಾಡಿದರು. ಆ ಡಿಎನ್‌ಎಯಿಂದ ಟ್ಯೂಬಿನಲ್ಲೇ, ಬ್ಯಾಕ್ಟೀರಿಯಾದ ಪಾಲಿಮರೇಸ್ (ಆರ್‌ಎನ್‌ಎ ತಯಾರಿಸುವ ಪ್ರೋಟೀನ್) ಬಳಸಿ ಹೊಸದಾಗಿ ಆರ್‌ಎನ್‌ಎ ಮಾಡಿದರು. ಆಮೇಲೆ ಆ ಪಾಲಿಮರೇಸನ್ನೂ ತೆಗೆದುಹಾಕಿದರು. ಈ ಆರ್‌ಎನ್‌ಎ ಹುಟ್ಟಿದಾಗಿನಿಂದ ಟೆಟ್ರಾಹೈಮಿನಾದ ಒಂದು ಪ್ರೋಟೀನಿನ ಮುಖವನ್ನೂ ನೋಡಿಲ್ಲ. ಅದಕ್ಕೆ ಬರೀ ಮೆಗ್ನೀಸಿಯಂ ಉಪ್ಪು ಮತ್ತು ಗ್ವಾನೋಸಿನ್ (ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದರ ಬಿಡಿ ರೂಪ) ಕೊಟ್ಟರು. ಇಂಟ್ರಾನ್ ತನ್ನಷ್ಟಕ್ಕೆ ತಾನೇ ಕತ್ತರಿಸಿಕೊಂಡು ಹೊರಬಂತು, ತುದಿಗಳು ಕೂಡಿಕೊಂಡವು. 1982ರ ಕೊನೆಗೆ ಇದು ಪ್ರಕಟವಾಯಿತು. ರೈಬೋಜೈಮ್ ಎಂಬ ಹೆಸರು ಬಂದದ್ದೂ ಆಗಲೇ.

ನನ್ನ ಪ್ರಕಾರ ಕುದಿಸಿದ್ದು, ತೊಳೆದಿದ್ದು ಎಲ್ಲ ಪೀಠಿಕೆ. ನಿಜವಾದ ಸಾಕ್ಷಿ ಈ ಕೊನೆಯ ಪ್ರಯೋಗ. ತರಗತಿಯಲ್ಲಿ ಇದನ್ನು ಬಿಟ್ಟು ಬರೀ ಹೆಸರು, ಇಸವಿ ಉರು ಹೊಡೆಸುತ್ತಾರಲ್ಲ, ಅದೇ ನನಗೆ ಬೇಸರ.

ಕತ್ತರಿಸುವ ಕೆಲಸ ನಡೆಯುವುದು ಹೀಗೆ. ಒಂದು ಗ್ವಾನೋಸಿನ್ ಬಂದು ಇಂಟ್ರಾನಿನ ಮಡಿಕೆಯಲ್ಲಿರುವ ಸಣ್ಣ ಗೂಡಿನಲ್ಲಿ ಕೂರುತ್ತದೆ. ಅಲ್ಲಿಂದ ಇಂಟ್ರಾನಿನ ಮೊದಲ ಗಡಿಯನ್ನು ಕತ್ತರಿಸಿ, ತಾನು ಇಂಟ್ರಾನಿನ ತುದಿಗೆ ಸೇರಿಕೊಳ್ಳುತ್ತದೆ. ಹೀಗೆ ಬಿಡುಗಡೆಯಾದ ಆಚೆ ತುಂಡಿನ ತುದಿ ಇಂಟ್ರಾನಿನ ಎರಡನೇ ಗಡಿಗೆ ಹೋಗಿ ಹೊಡೆಯುತ್ತದೆ. ಬೇಕಾದ ಎರಡು ತುಂಡು ಒಂದಾಗುತ್ತವೆ, ಇಂಟ್ರಾನ್ ಉದುರುತ್ತದೆ. ಒಂದು ಬಂಧ ಮುರಿದ ಕಡೆ ಇನ್ನೊಂದು ಬಂಧ ಕೂಡುವುದರಿಂದ ಹೊರಗಿನ ಶಕ್ತಿ ಬೇಕಾಗುವುದಿಲ್ಲ. ಗ್ವಾನೋಸಿನ್‌ಗೆ ಫಾಸ್ಫೇಟ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಆಗಲೂ ಒಂದು ತಕರಾರು ಉಳಿದಿತ್ತು, ಅದು ನ್ಯಾಯವಾದದ್ದೇ. ಕಿಣ್ವ ಎಂದರೆ ಬೇರೆಯದರ ಮೇಲೆ ಕೆಲಸ ಮಾಡಿ ತಾನು ಹಾಗೇ ಉಳಿದು, ಮತ್ತೊಂದಕ್ಕೆ ಕೈ ಹಚ್ಚಬೇಕು. ಈ ಇಂಟ್ರಾನ್ ತನ್ನನ್ನೇ ಕತ್ತರಿಸಿಕೊಳ್ಳುತ್ತದೆ, ಅದೂ ಒಂದೇ ಸಲ. ಇದನ್ನು ಕಿಣ್ವ ಅನ್ನಬಹುದಾ? ಉತ್ತರ ಯೇಲ್ ವಿಶ್ವವಿದ್ಯಾಲಯದಿಂದ ಬಂತು. ಅಲ್ಲಿ ಸಿಡ್ನಿ ಆಲ್ಟ್‌ಮನ್ ಬಹಳ ವರ್ಷಗಳಿಂದ ಆರ್‌ಎನ್‌ಏಸ್ ಪಿ ಎಂಬ ಕಿಣ್ವದ ಬೆನ್ನುಹತ್ತಿದ್ದರು. ರೈಬೋಸೋಮಿಗೆ ಅಮೈನೋ ಆಮ್ಲ ಹೊತ್ತು ತರುವ ಟಿಆರ್‌ಎನ್‌ಎ ತಯಾರಾಗುವಾಗ ಅದರ ಮುಂದಿನ ಹೆಚ್ಚುವರಿ ಬಾಲವನ್ನು ಕತ್ತರಿಸುವುದು ಇದರ ಕೆಲಸ. ಈ. ಕೋಲಿಯ ಆರ್‌ಎನ್‌ಏಸ್ ಪಿಯಲ್ಲಿ 377 ಅಕ್ಷರಗಳ ಆರ್‌ಎನ್‌ಎ ಒಂದು, ಪುಟ್ಟ ಪ್ರೋಟೀನ್ ಒಂದು. ತೂಕದಲ್ಲಿ ಆರ್‌ಎನ್‌ಎಯದೇ ಸಿಂಹಪಾಲು. ಆದರೂ ಕೆಲಸ ಪ್ರೋಟೀನಿನದು, ಆರ್‌ಎನ್‌ಎ ಬರೀ ಆಸರೆ ಎಂಬುದೇ ಹಲವರ ನಂಬಿಕೆಯಾಗಿತ್ತು. 1983ರಲ್ಲಿ ಆಲ್ಟ್‌ಮನ್ ಮತ್ತು ನಾರ್ಮನ್ ಪೇಸ್ ಅವರ ಗುಂಪುಗಳು ಸೇರಿ ಮೆಗ್ನೀಸಿಯಂ ಜಾಸ್ತಿ ಮಾಡಿ ನೋಡಿದಾಗ, ಪ್ರೋಟೀನ್ ಇಲ್ಲದೆಯೇ ಆರ್‌ಎನ್‌ಎ ಒಂದರ ಮೇಲೊಂದು ಟಿಆರ್‌ಎನ್‌ಎ ಕತ್ತರಿಸುತ್ತಿತ್ತು. ಪ್ರೋಟೀನ್ ಮಾತ್ರ ಇಟ್ಟರೆ ಏನೂ ಇಲ್ಲ. ಮಾರನೇ ವರ್ಷ ಇಲ್ಲೂ ಟ್ಯೂಬಿನಲ್ಲೇ ಹೊಸದಾಗಿ ಮಾಡಿದ ಆರ್‌ಎನ್‌ಎ ಇಟ್ಟು ಖಾತ್ರಿ ಮಾಡಿಕೊಂಡರು. ಕೋಶದೊಳಗೆ ಮೆಗ್ನೀಸಿಯಂ ಅಷ್ಟಿರುವುದಿಲ್ಲ, ಅಲ್ಲಿ ಪ್ರೋಟೀನಿನ ಸಹಾಯ ಬೇಕೇ ಬೇಕು. ಆದರೆ ಕತ್ತರಿ ಇರುವುದು ಆರ್‌ಎನ್‌ಎ ಕೈಯಲ್ಲಿ. ಚೆಕ್ ಮತ್ತು ಆಲ್ಟ್‌ಮನ್ ಇಬ್ಬರಿಗೂ ಸೇರಿ ನೊಬೆಲ್ ಸಿಕ್ಕಿದ್ದು ಇದಕ್ಕೆ.

ಆರ್‌ಎನ್‌ಎಗೆ ಇದು ಸಾಧ್ಯವಾಗುವುದು ಹೇಗೆ, ಡಿಎನ್‌ಎಗೆ ಯಾಕಿಲ್ಲ? ಜೀವಿಗಳಲ್ಲಿ ಡಿಎನ್‌ಎ ಎರಡೆಳೆಯಾಗಿ ಸುತ್ತಿಕೊಂಡು ಕೂತಿರುತ್ತದೆ. ಆರ್‌ಎನ್‌ಎ ಒಂದೇ ಎಳೆ. ತನ್ನ ಒಂದು ಭಾಗ ಇನ್ನೊಂದು ಭಾಗಕ್ಕೆ ಜೋಡಿಯಾಗಿ ಕೂತು, ಗಂಟು, ಕೊಕ್ಕೆ, ಗೂಡುಗಳಿರುವ ಆಕಾರಕ್ಕೆ ಬರುತ್ತದೆ. ಜೊತೆಗೆ ಅದರ ಸಕ್ಕರೆಯಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚಿಗೆ ಇದೆ. ಆ ಗುಂಪು ತುಂಬಾ ಚುರುಕು. ಆರ್‌ಎನ್‌ಎ ಬೇಗ ಹಾಳಾಗುವುದೂ ಅದರಿಂದಲೇ, ಬಹಳಷ್ಟು ರೈಬೋಜೈಮ್‌ಗಳು ಕೆಲಸ ಮಾಡುವುದೂ ಅದರಿಂದಲೇ. ಹಾಗಂತ ಆರ್‌ಎನ್‌ಎಯನ್ನು ಅಟ್ಟಕ್ಕೆ ಏರಿಸುವುದೂ ಬೇಡ. ಪ್ರೋಟೀನಿಗೆ 20 ಬಗೆಯ ಅಮೈನೋ ಆಮ್ಲಗಳ ಬಂಡವಾಳ, ಆರ್‌ಎನ್‌ಎಗೆ ನಾಲ್ಕೇ ಅಕ್ಷರ. ವೇಗದಲ್ಲೂ ಅಜಗಜಾಂತರ. ಹ್ಯಾಮರ್‌ಹೆಡ್ ಎಂಬ ಸಣ್ಣ ರೈಬೋಜೈಮನ್ನು ಲ್ಯಾಬಿನಲ್ಲಿ ಚಿಕ್ಕದು ಮಾಡಿ ಇಟ್ಟಾಗ ನಿಮಿಷಕ್ಕೆ ಸುಮಾರು ಒಂದು ಸಲ ಕತ್ತರಿಸುತ್ತದೆ. ನಮ್ಮ ರಕ್ತದಲ್ಲಿರುವ ಕಾರ್ಬೋನಿಕ್ ಅನ್‌ಹೈಡ್ರೇಸ್ ಎಂಬ ಪ್ರೋಟೀನ್ ಕಿಣ್ವ ಸೆಕೆಂಡಿಗೆ ಹತ್ತು ಲಕ್ಷದವರೆಗೆ ಕೆಲಸ ಮುಗಿಸುತ್ತದೆ. ಹೆಚ್ಚಿನ ಕಿಣ್ವಗಳು ಪ್ರೋಟೀನ್ ಆಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಗ ನಿಮ್ಮ ಪುಸ್ತಕದ ಆ ಒಂದು ಸಾಲಿಗೆ ಬರುತ್ತೇನೆ. ರೈಬೋಸೋಮ್ ಅಂದರೆ ಪ್ರೋಟೀನ್ ತಯಾರಿಸುವ ಯಂತ್ರ. ಬ್ಯಾಕ್ಟೀರಿಯಾದ ರೈಬೋಸೋಮಿನಲ್ಲಿ ಮೂರು ಆರ್‌ಎನ್‌ಎ (ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದೇ 23ಎಸ್) ಮತ್ತು ಐವತ್ತಕ್ಕೂ ಹೆಚ್ಚು ಪ್ರೋಟೀನುಗಳಿವೆ. ಒಂದು ಅಮೈನೋ ಆಮ್ಲಕ್ಕೆ ಇನ್ನೊಂದನ್ನು ಹೊಲಿಯುವುದು ಈ ಐವತ್ತರಲ್ಲಿ ಯಾವ ಪ್ರೋಟೀನ್ ಎಂದು ಬಹಳ ಕಾಲ ಹುಡುಕಿದರು, ಸಿಗಲಿಲ್ಲ. 1992ರಲ್ಲಿ ಹ್ಯಾರಿ ನಾಲರ್ ಗುಂಪು ಬಿಸಿನೀರಿನ ಬ್ಯಾಕ್ಟೀರಿಯಾ ಒಂದರ ರೈಬೋಸೋಮಿನ ದೊಡ್ಡ ತುಂಡಿನಿಂದ ಪ್ರೋಟೀನುಗಳನ್ನು ಆದಷ್ಟೂ ಕಿತ್ತುಹಾಕಿತು. ಹೊಲಿಯುವ ಕೆಲಸ ಇನ್ನೂ ನಡೆದಿತ್ತು. ಆದರೆ ಪ್ರೋಟೀನ್ ಪೂರ್ತಿ ಹೋಗಿರಲಿಲ್ಲ, ಸ್ವಲ್ಪ ಉಳಿದಿತ್ತು. ಮತ್ತೆ ನಿಮ್ಮ ಸಂಶಯವೇ! ಇಲ್ಲಿ ಸುಮಾರು 2900 ಅಕ್ಷರಗಳ 23ಎಸ್ ಆರ್‌ಎನ್‌ಎಯನ್ನು ಟ್ಯೂಬಿನಲ್ಲಿ ಮಾಡಿ ತೋರಿಸಿ ಕೈತೊಳೆದುಕೊಳ್ಳುವುದು ಚೆಕ್ ಅವರ ಇಂಟ್ರಾನಿನಷ್ಟು ಸಲೀಸಲ್ಲ.

ಬಗೆಹರಿದಿದ್ದು 2000ದಲ್ಲಿ, ಕಣ್ಣಾರೆ ನೋಡಿದಾಗ. ಯೇಲ್‌ನ ಥಾಮಸ್ ಸ್ಟೈಟ್ಜ್ ಮತ್ತು ಪೀಟರ್ ಮೂರ್ ಅವರ ಗುಂಪು, ಮೃತ ಸಮುದ್ರದ ಉಪ್ಪು ನೀರಿನ ಸೂಕ್ಷ್ಮಜೀವಿಯೊಂದರ ರೈಬೋಸೋಮಿನ ದೊಡ್ಡ ತುಂಡನ್ನು ಹರಳು ಮಾಡಿ, ಎಕ್ಸ್‌ರೇ ಹಾಯಿಸಿ 2.4 ಆಂಗ್‌ಸ್ಟ್ರಾಂ ಸೂಕ್ಷ್ಮತೆಯ ಚಿತ್ರ ತೆಗೆಯಿತು. ಆಂಗ್‌ಸ್ಟ್ರಾಂ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಅಮೈನೋ ಆಮ್ಲಗಳು ಕೂಡುವ ಜಾಗದ ಸುತ್ತ ಬರೀ ಆರ್‌ಎನ್‌ಎ. ಅತಿ ಹತ್ತಿರದ ಪ್ರೋಟೀನ್ ಸುಮಾರು 18 ಆಂಗ್‌ಸ್ಟ್ರಾಂ ದೂರ. ರಾಸಾಯನಿಕ ಕೆಲಸಕ್ಕೆ ಕೈ ತಾಗಬೇಕಾದರೆ ಮೂರು ನಾಲ್ಕು ಆಂಗ್‌ಸ್ಟ್ರಾಂ ಒಳಗಿರಬೇಕು. ಪ್ರೋಟೀನುಗಳು ಹೊರಗಡೆ ಹರಡಿಕೊಂಡು, ಸಂದುಗಳಲ್ಲಿ ಬಾಲ ಚಾಚಿ ಆರ್‌ಎನ್‌ಎಯನ್ನು ಹಿಡಿದುಕೊಂಡಿದ್ದವು. ಆಮೇಲೆ ಬ್ಯಾಕ್ಟೀರಿಯಾಗಳಲ್ಲಿ ಎಲ್27 ಎಂಬ ಪ್ರೋಟೀನಿನ ಬಾಲ ಆ ಜಾಗದ ಹತ್ತಿರ ಬರುತ್ತದೆ ಎಂದು ಗೊತ್ತಾಯಿತು. ಆದರೆ ಆ ಪ್ರೋಟೀನೇ ಇಲ್ಲದ ಈ. ಕೋಲಿ ನಿಧಾನವಾಗಿ ಬೆಳೆದರೂ ಬದುಕುತ್ತದೆ. ಹೊಲಿಯುವವನು ಅವನೇ ಆಗಿದ್ದರೆ ಬದುಕುತ್ತಿರಲಿಲ್ಲ. 2009ರ ನೊಬೆಲ್ ಸ್ಟೈಟ್ಜ್, ಇಸ್ರೇಲಿನ ಅದಾ ಯೋನಾಥ್ ಮತ್ತು ನಮ್ಮ ಪಕ್ಕದ ತಮಿಳುನಾಡಿನ ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರಿಗೆ ಬಂದಿದ್ದು ರೈಬೋಸೋಮಿನ ಈ ರಚನೆಯ ಕೆಲಸಕ್ಕೆ.

ಇದರ ಅರ್ಥ ಸ್ವಲ್ಪ ಯೋಚಿಸಿ ನೋಡಿ. ನೀವು ಹೇಳುವ ಅಮೈಲೇಸ್, ಪೆಪ್ಸಿನ್, ಯೂರಿಯೇಸ್, ಎಲ್ಲ ಪ್ರೋಟೀನ್ ಕಿಣ್ವಗಳನ್ನೂ ಹೊಲಿದು ಕೊಡುವುದು ಒಂದು ಆರ್‌ಎನ್‌ಎ ಕಿಣ್ವ. ಪ್ರೋಟೀನ್ ಮಾಡಲು ಪ್ರೋಟೀನ್ ಬೇಕಾದರೆ ಮೊದಲನೆಯದು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಇದರಿಂದ ಒಂದು ದಾರಿ ಸಿಗುತ್ತದೆ. ಮೊದಲು ಆರ್‌ಎನ್‌ಎಯೇ ಮಾಹಿತಿಯನ್ನೂ ಹೊತ್ತು, ಕೆಲಸವನ್ನೂ ಮಾಡುತ್ತಿದ್ದ ಕಾಲ ಇತ್ತು ಎನ್ನುವ ಊಹೆ ಅದು. 1986ರಲ್ಲಿ ವಾಲ್ಟರ್ ಗಿಲ್ಬರ್ಟ್ ಅದಕ್ಕೆ ಆರ್‌ಎನ್‌ಎ ಜಗತ್ತು ಎಂದು ಹೆಸರಿಟ್ಟರು. ನನಗೆ ಒಪ್ಪಿಗೆಯಾಗುವ ಊಹೆ. ಆದರೆ ಊಹೆಯೇ. ಇದನ್ನು ಸಾಬೀತಾದ ಇತಿಹಾಸದಂತೆ ಹೇಳುವ ವಿಡಿಯೊಗಳನ್ನು ಮಗುವಿಗೆ ತೋರಿಸುವಾಗ ಅಷ್ಟು ಹೇಳಿಬಿಡಿ.

ಉಪಯೋಗ ಏನು ಎಂದಿರಿ. ರೈಬೋಸೋಮಿನ ಆರ್‌ಎನ್‌ಎಗೆ ಪೆಟ್ಟು ಬಿದ್ದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗುವುದು ಬೇಡ, ಹೊಲದ ಬದುವಿನ ಔಡಲ ಸಾಕು. ಔಡಲ ಬೀಜದಲ್ಲಿ ರಿಸಿನ್ ಎಂಬ ವಿಷವಿದೆ. ಅದು ನಮ್ಮ ಕೋಶಕ್ಕೆ ಹೊಕ್ಕರೆ ರೈಬೋಸೋಮಿನ 28ಎಸ್ ಆರ್‌ಎನ್‌ಎಯ (ಬ್ಯಾಕ್ಟೀರಿಯಾದ 23ಎಸ್‌ಗೆ ನಮ್ಮಲ್ಲಿ ಸಾಟಿ) ಸಾವಿರಾರು ಅಕ್ಷರಗಳಲ್ಲಿ ಒಂದೇ ಒಂದು ಅಡಿನಿನ್ ಅಕ್ಷರವನ್ನು ಕಿತ್ತುಹಾಕುತ್ತದೆ. ಅಷ್ಟಕ್ಕೇ ಆ ರೈಬೋಸೋಮ್ ಕೆಲಸ ನಿಲ್ಲಿಸುತ್ತದೆ. ಕಿತ್ತ ಅಕ್ಷರ ಹೊಲಿಗೆಯ ಜಾಗದ್ದಲ್ಲ, ರೈಬೋಸೋಮ್ ಮುಂದೆ ಸರಿಯಲು ಬೇಕಾದ ಇನ್ನೊಂದು ಸುರುಳಿಯದ್ದು. ರಿಸಿನ್ ತಾನೂ ಕಿಣ್ವವೇ, ಪ್ರೋಟೀನ್ ಕಿಣ್ವ. ಒಂದು ರೈಬೋಸೋಮ್ ಕೆಡಿಸಿ ಮುಂದಿನದಕ್ಕೆ ಹೋಗುತ್ತದೆ. ಎಣ್ಣೆ ತೆಗೆದಾಗ ರಿಸಿನ್ ಎಣ್ಣೆಗೆ ಬರದೆ ಹಿಂಡಿಯಲ್ಲಿ ಉಳಿಯುತ್ತದೆ. ಔಡಲ ಹಿಂಡಿಯನ್ನು ಗೊಬ್ಬರಕ್ಕೆ ಹಾಕುತ್ತಾರೆ, ದನಕ್ಕೆ ಇಡುವುದಿಲ್ಲ. ನಮ್ಮ ರೈತರಿಗೆ ಆರ್‌ಎನ್‌ಎ ಗೊತ್ತಿಲ್ಲದಿದ್ದರೂ ಇದು ಗೊತ್ತಿತ್ತು.

ಔಷಧದಂಗಡಿಗೆ ಹೋದರೂ ಅಷ್ಟೇ. ಕ್ಲೋರಾಂಫೆನಿಕಾಲ್ ಮತ್ತು ಲಿನೆಜೋಲಿಡ್ ಎಂಬ ಆಂಟಿಬಯೋಟಿಕ್‌ಗಳು ಹೋಗಿ ಕೂರುವುದು ಬ್ಯಾಕ್ಟೀರಿಯಾದ 23ಎಸ್ ಆರ್‌ಎನ್‌ಎಯ ಅದೇ ಹೊಲಿಗೆಯ ಜಾಗದಲ್ಲಿ. ಕೆಮ್ಮು, ಗಂಟಲು ನೋವಿಗೆ ಬರೆದುಕೊಡುವ ಅಜಿಥ್ರೋಮೈಸಿನ್, ಹೊಸ ಪ್ರೋಟೀನ್ ಎಳೆ ಹೊರಬರುವ ಸುರಂಗದ ಬಾಯಿಗೆ ಅಡ್ಡ ಕೂರುತ್ತದೆ. ಅಜಿಥ್ರೋಮೈಸಿನ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳಲ್ಲಿ ಎಷ್ಟೋ ಅಲ್ಲಿನ ಒಂದು ಅಡಿನಿನ್‌ಗೆ ಪುಟ್ಟ ಮಿಥೈಲ್ ಗುಂಪು ಅಂಟಿಸಿಕೊಂಡು ಪಾರಾಗುತ್ತವೆ. ನಮ್ಮ ಕೋಶದ ಮೈಟೊಕಾಂಡ್ರಿಯಾದ ರೈಬೋಸೋಮ್ ಬ್ಯಾಕ್ಟೀರಿಯಾದ್ದನ್ನೇ ಹೋಲುತ್ತದೆ. ಅದಕ್ಕೇ ಔಷಧಕ್ಕೆ ಬಗ್ಗದ ಟಿಬಿಗೆ ತಿಂಗಳುಗಟ್ಟಲೆ ಲಿನೆಜೋಲಿಡ್ ತಿನ್ನುವವರಲ್ಲಿ ರಕ್ತಕಣ ಕಡಿಮೆಯಾಗಬಹುದು, ಡಾಕ್ಟರು ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ.

ಪರೀಕ್ಷೆಗೆ ಹೀಗೆ ಹೇಳಿಕೊಡಿ. ಎಲ್ಲ ಕಿಣ್ವಗಳೂ ಪ್ರೋಟೀನ್ ಎಂಬ ಹೇಳಿಕೆ ಬಂದರೆ ತಪ್ಪು ಎಂದು ಗುರುತು ಹಾಕಲಿ, ಬಹುತೇಕ ಕಿಣ್ವಗಳು ಪ್ರೋಟೀನ್ ಎಂದಿದ್ದರೆ ಸರಿ. ಬ್ಯಾಕ್ಟೀರಿಯಾದಲ್ಲಿ ಪೆಪ್ಟೈಡ್ ಬಂಧ (ಅಮೈನೋ ಆಮ್ಲಗಳ ನಡುವಿನ ಹೊಲಿಗೆ) ಕೂಡಿಸುವುದು 23ಎಸ್, ನಮ್ಮ ಕೋಶದ್ರವದ ರೈಬೋಸೋಮಿನಲ್ಲಿ 28ಎಸ್. ಹೆಸರು ನೋಡಿ ಮೋಸ ಹೋಗುವ ಮಕ್ಕಳು ಬಹಳ. ಆರ್‌ಎನ್‌ಎ ಪಾಲಿಮರೇಸ್ ರೈಬೋಜೈಮ್ ಅಲ್ಲ, ಅದು ಆರ್‌ಎನ್‌ಎ ತಯಾರಿಸುವ ಪ್ರೋಟೀನ್. ಆರ್‌ಎನ್‌ಏಸ್ ಎ ಕೂಡ ಅಲ್ಲ, ಅದು ಆರ್‌ಎನ್‌ಎ ಕತ್ತರಿಸುವ ಪ್ರೋಟೀನ್. ಬ್ಯಾಕ್ಟೀರಿಯಾದ ಆರ್‌ಎನ್‌ಏಸ್ ಪಿ ಮಾತ್ರ ರೈಬೋಜೈಮ್. ಒಂದೇ ಅಕ್ಷರದ ವ್ಯತ್ಯಾಸ, ಬಹುಆಯ್ಕೆ ಪ್ರಶ್ನೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಅವಳು ನಿಂತು ಓದಲಿ.